ಶನಿರಾಜನ ವರ್ಷವೂ ನಮ್ಮ ಠೇವಣಿಯೂ

(ಬಿಳಿಕೆರೆಯಲ್ಲಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮೈಸೂರಿನಿಂದ ಹುಣಸೂರಿಗೆ ಹೋಗುವ ರಸ್ತೆ ಇದೇ ಬಿಳಿಕೆರೆಯಲ್ಲಿ ಕವಲೊಡೆಯುತ್ತದೆ. ಒಂದು ಕವಲು ಕೃಷ್ಣರಾಜನಗರ, ಹೊಳೆನರಸೀಪುರ, ಹಾಸನಗಳ ಮೇಲೆ ಬೇಲೂರಿಗೆ ಹೋಗುತ್ತದೆ. ಹೀಗಾಗಿ ಇಲ್ಲಿಯ ಟೀ ಅಂಗಡಿಯಲ್ಲಿ ಕುಳಿತವರಿಗೆ ಎಲ್ಲ ಕಡೆಯ ಸುದ್ದಿಯೂ ಬೇಗ ಮುಟ್ಟುತ್ತದೆ. ಸುದ್ದಿ ಮುಟ್ಟುವ ಕಡೆಗೆ ಗಾಳಿಸುದ್ದಿಯೂ ಮುಟ್ಟುತ್ತದೆ. ಇಂದು ನಾವು ಮಾತನಾಡಬೇಕೆಂದಿರುವುದು ಅಂಥ ಒಂದು ಬಗೆಯ ಗಾಳಿಸುದ್ದಿಯ ವಿಚಾರ: ಸರ್ಕಾರ ಅಲುಗಾಡಿದಾಗಲೆಲ್ಲ ಬ್ಯಾಂಕು ಮುಳುಗುತ್ತದೆ, ವಿಮೆಯ ಕಂಪನಿ ಕೈಯೆತ್ತುತ್ತದೆ ಎಂದು ಗ್ರಹ ನೋಡಿ ಹೇಳುವ ಭವಿಷ್ಯ.

ಇದು ನಮಗೆ ಪುಸ್ತಕದಿಂದ ಹೊಳೆದ ವಿಷಯವಲ್ಲ. 2019ರ ಜುಲೈ ತಿಂಗಳು ನಿಮಗೆ ನೆನಪಿರಬೇಕು. ಬೆಂಗಳೂರಿನಲ್ಲಿ ಶಾಸಕರು ರಾಜೀನಾಮೆ ಬರೆದುಕೊಟ್ಟು ಮುಂಬಯಿಯ ಹೋಟೆಲಿಗೆ ಹೋಗಿ ಕುಳಿತರು. ಅವರಲ್ಲಿ ನಮ್ಮ ಹುಣಸೂರು ಕ್ಷೇತ್ರದ ಶಾಸಕರೂ ಒಬ್ಬರು. ಜುಲೈ 16ರ ರಾತ್ರಿ ಚಂದ್ರಗ್ರಹಣ ಹಿಡಿಯಿತು. 23ನೆಯ ತಾರೀಖು ಸಮ್ಮಿಶ್ರ ಸರ್ಕಾರ ವಿಶ್ವಾಸಮತ ಕಳೆದುಕೊಂಡು ಬಿತ್ತು. ಆ ದಿನಗಳಲ್ಲಿ ಬೆಳಗಾದರೆ ಟಿ.ವಿ. ಮುಂದೆ ಕೂರದ ಮನೆಯೇ ಇರಲಿಲ್ಲ. ಮುಂದಿನ ತಿಂಗಳು, ಆಗಸ್ಟ್ 30ರಂದು, ಸಿಂಡಿಕೇಟ್ ಬ್ಯಾಂಕನ್ನು ಕೆನರಾ ಬ್ಯಾಂಕಿನಲ್ಲಿ ಸೇರಿಸುತ್ತೇವೆಂದು ದಿಲ್ಲಿಯಿಂದ ಪ್ರಕಟಣೆ ಬಂತು. ಸರ್ಕಾರ ಬಿತ್ತು, ಬ್ಯಾಂಕಿನ ಹೆಸರು ಅಳಿಸುತ್ತದೆ, ಇನ್ನೇನು ಬೇಕು?

ಬಳೆ ಅಂಗಡಿ ಇಟ್ಟುಕೊಂಡಿರುವ ಒಬ್ಬ ತಾಯಿ ನಮ್ಮ ಹತ್ತಿರ ಬಂದರು. ಹೆಸರು ಹೇಳುವುದು ಬೇಡ. ಗಂಡ ಮೈಸೂರಿನ ಮಿಲ್ಲಿನಲ್ಲಿ ದುಡಿದು ಹೊರಬಂದಾಗ ಕೈಗೆ ಬಂದ ದುಡ್ಡಿನಲ್ಲಿ ತೊಂಬತ್ತು ಸಾವಿರ ರೂಪಾಯಿಯನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮುದ್ದತು ಠೇವಣಿ ಇಟ್ಟಿದ್ದರು. ಅವರು ಬಂದದ್ದು ದುಡ್ಡು ತೆಗೆಯುವ ಮೊದಲಲ್ಲ, ತೆಗೆದು ಆರು ತಿಂಗಳಾದ ಮೇಲೆ. "ಏನ್ ಮಾಡದಣ್ಣ, ಧನಸ್ಥಾನ ಕೆಟ್ಟದೆ, ದೊಡ್ಡ ದೊಡ್ಡ ಬ್ಯಾಂಕೇ ಮುಳುಗ್ತವೆ ಅಂತ ಟಿ.ವಿ.ನಲ್ಲಿ ಹೇಳುದ್ರು. ಎದೆ ಝಲ್ ಅಂತು. ಅವಧಿಗೆ ಮುಂಚೇನೆ ಬುಡಿಸ್ಕಂಡ್ಬುಟ್ಟೆ" ಎಂದರು. ಬಡ್ಡಿಯಲ್ಲಿ ಒಂದಿಷ್ಟು ಮುರಿಯಿತು. ಅದು ದೊಡ್ಡ ಮಾತಲ್ಲ. ಬಿಡಿಸಿಕೊಂಡ ದುಡ್ಡನ್ನು ಮನೆಯಲ್ಲಿ ಇಡಲು ಹೆದರಿ, ಗೊತ್ತಿದ್ದ ಒಬ್ಬ ಖಾಸಗಿ ಫೈನಾನ್ಸಿನವನ ಕೈಗೆ ಕೊಟ್ಟರು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಎಂದಿದ್ದನಂತೆ. ನಾಲ್ಕು ತಿಂಗಳು ಕೊಟ್ಟ. ಐದನೆಯ ತಿಂಗಳು ಅವನ ಅಂಗಡಿಗೆ ಬೀಗ.

ಒಂದು ವಿಷಯವನ್ನು ಗಮನಿಸಿ. ಬ್ಯಾಂಕಿನಲ್ಲಿದ್ದ ಆ ತೊಂಬತ್ತು ಸಾವಿರಕ್ಕೆ ಪೂರಾ ವಿಮೆ ಇತ್ತು. ಆಗ್ಗೆ ಒಂದು ಲಕ್ಷದವರೆಗಿನ ಠೇವಣಿಗೆ ಠೇವಣಿ ವಿಮೆಯ ರಕ್ಷಣೆಯಿತ್ತು, ಅದೂ 1993ರಿಂದ. ಬ್ಯಾಂಕು ನಿಜವಾಗಿಯೇ ಮುಳುಗಿದ್ದರೂ ಅವರ ದುಡ್ಡು ಅವರಿಗೆ ಬರುತ್ತಿತ್ತು. ಭವಿಷ್ಯ ಕೇಳಿ ಅವರು ದುಡ್ಡನ್ನು ವಿಮೆ ಇದ್ದ ಕಡೆಯಿಂದ ತೆಗೆದು ವಿಮೆ ಇಲ್ಲದ ಕಡೆ ಇಟ್ಟರು. ಅವರು ದುಡ್ಡು ತೆಗೆದ ಬ್ಯಾಂಕಿನಲ್ಲಿ ಮಾತ್ರ ಯಾರದೂ ಒಂದು ಪೈಸೆ ಹೋಗಲಿಲ್ಲ.

ಇಂಥ ಭವಿಷ್ಯ ಹೇಗೆ ತಯಾರಾಗುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. ಯುಗಾದಿಯ ದಿನ ದೇವಸ್ಥಾನದಲ್ಲಿ ಪಂಚಾಂಗ ಓದುತ್ತಾರೆ. ಈ ವರ್ಷದ ರಾಜ ಯಾರು, ಮಂತ್ರಿ ಯಾರು, ಸಸ್ಯಾಧಿಪತಿ ಯಾರು, ಧಾನ್ಯಾಧಿಪತಿ ಯಾರು, ಬೆಲೆಗಳಿಗೆ ಒಡೆಯನಾದ ಅರ್ಘಾಧಿಪತಿ ಯಾರು ಎಂದು ಕೇಳಿದ್ದೀರಿ. ಈ ರಾಜನನ್ನು ಆರಿಸುವುದು ಹೇಗೆ? ಯುಗಾದಿ ಯಾವ ವಾರ ಬೀಳುತ್ತದೋ ಆ ವಾರದ ಒಡೆಯನೇ ವರ್ಷಕ್ಕೆ ರಾಜ. ಸೂರ್ಯ ಮೇಷ ರಾಶಿಗೆ ಬರುವ ದಿನದ ವಾರ ಯಾರದೋ ಅವನು ಮಂತ್ರಿ. ಇಷ್ಟೇ. 2019ರ ಯುಗಾದಿ ಏಪ್ರಿಲ್ 6, ಶನಿವಾರ. ಆದ್ದರಿಂದ ವಿಕಾರಿ ಸಂವತ್ಸರಕ್ಕೆ ಶನಿಯೇ ರಾಜ. ಮೇಷ ಸಂಕ್ರಮಣ ಏಪ್ರಿಲ್ 14, ಭಾನುವಾರ, ಮಂತ್ರಿ ರವಿ. ತಂದೆ ಮಗನಾದರೂ ಶನಿಗೂ ರವಿಗೂ ಆಗದು. ರಾಜನಿಗೂ ಮಂತ್ರಿಗೂ ಹಗೆ, ಹೆಸರೇ ವಿಕಾರಿ, ಸಾಲದ್ದಕ್ಕೆ ಗ್ರಹಣ! ಸರ್ಕಾರ ಬಿದ್ದದ್ದು ಇದರಿಂದಲೇ ಎಂದು ಹೇಳುವವನಿಗೆ ಇನ್ನೇನು ಬೇಕು?

ಆದರೆ 2022ರ ಯುಗಾದಿಯೂ ಶನಿವಾರವೇ ಬಿತ್ತು. ಶುಭಕೃತು ಸಂವತ್ಸರಕ್ಕೂ ಶನಿಯೇ ರಾಜ. ಆ ವರ್ಷ ಕರ್ನಾಟಕದಲ್ಲಿ ಸರ್ಕಾರ ಬೀಳಲಿಲ್ಲ. ಮಹಾರಾಷ್ಟ್ರದಲ್ಲಿ ಬಿತ್ತಲ್ಲ ಎನ್ನುತ್ತಾರೆ. ನಿಜ, ಜೂನ್ ತಿಂಗಳಲ್ಲಿ ಬಿತ್ತು. ಹಾಗಾದರೆ ಶನಿರಾಜನ ಅಧಿಕಾರ ಬೆಳಗಾವಿಯ ಆಚೆಗೆ ಉಂಟು, ಈಚೆಗೆ ಇಲ್ಲ ಎನ್ನಬೇಕೆ?

ನಾವು ಊರಿನ ಜೋಯಿಸರನ್ನು ಹೀಗಳೆಯಲು ಬಂದವರಲ್ಲ. ಪಂಚಾಂಗದಲ್ಲಿ ಎರಡು ಭಾಗವುಂಟು: ಗಣಿತ ಒಂದು, ಫಲ ಇನ್ನೊಂದು. ಗ್ರಹಣ ಇಂಥ ದಿನ, ಇಂಥ ಗಳಿಗೆಯಲ್ಲಿ ಹಿಡಿಯುತ್ತದೆ, ಇಷ್ಟು ಹೊತ್ತಿಗೆ ಬಿಡುತ್ತದೆ ಎಂದು ಲೆಕ್ಕ ಹಾಕಿ ಬರೆಯುವುದು ಗಣಿತ. ಅದು ಸರಿಯಾದ ವಿದ್ಯೆ. ತಲೆಮಾರುಗಳ ಶ್ರಮ ಅದರಲ್ಲಿದೆ. 2019ರ ಡಿಸೆಂಬರ್ 26ರಂದು ಕೊಡಗಿನಲ್ಲಿ ಸೂರ್ಯ ಬಳೆಯಂತೆ ಕಂಡಾಗ ಆ ಲೆಕ್ಕ ತಪ್ಪಲಿಲ್ಲ. ಆದರೆ ಗ್ರಹಣದಿಂದ ಯಾರಿಗೆ ಧನನಷ್ಟ, ಯಾವ ರಾಶಿಯವರಿಗೆ ರಾಜಕೋಪ ಎಂಬುದು ಫಲ. ಗಣಿತ ಸರಿಹೋದದ್ದರ ಮರ್ಯಾದೆಯನ್ನು ಫಲ ತನ್ನ ಹೆಗಲಿಗೆ ಹಾಕಿಕೊಂಡು ತಿರುಗುತ್ತದೆ. ತಕ್ಕಡಿ ಸರಿಯಾಗಿದ್ದ ಮಾತ್ರಕ್ಕೆ ಅಂಗಡಿಯವನು ಹೇಳಿದ ಬೆಲೆಯೂ ಸರಿಯೆಂದು ನೀವು ಒಪ್ಪುತ್ತೀರಾ?

ದೇಶದ ಜಾತಕವೆಂದೂ ಒಂದನ್ನು ಇಟ್ಟುಕೊಂಡಿದ್ದಾರೆ. 1947ರ ಆಗಸ್ಟ್ 15ರ ನಡುರಾತ್ರಿ, ವೃಷಭ ಲಗ್ನ, ಮೂರನೆಯ ಮನೆಯಾದ ಕರ್ಕಾಟಕದಲ್ಲಿ ರವಿ, ಚಂದ್ರ, ಬುಧ, ಶುಕ್ರ, ಶನಿ, ಒಟ್ಟು ಐದು ಗ್ರಹ. ಎರಡನೆಯ ಮನೆ ಧನಸ್ಥಾನ, ಅಂದರೆ ಬೊಕ್ಕಸ, ಬ್ಯಾಂಕು; ಅಲ್ಲಿ ಕುಜ ಕುಳಿತಿದ್ದಾನೆ. ಎಂಟನೆಯದು ಆಯುಸ್ಸಿನ ಮನೆ, ಧನುಸ್ಸು. ವಿಮೆಯನ್ನು ಅದಕ್ಕೆ ಸೇರಿಸುತ್ತಾರೆ. 2019ರಲ್ಲಿ ಶನಿ, ಕೇತು ಇಬ್ಬರೂ ಧನುಸ್ಸಿನಲ್ಲಿದ್ದರು. ಇನ್ನು ವಿಮೆಯ ಕಂಪನಿ ಉಳಿಯುವುದುಂಟೆ ಎನ್ನಬಹುದು. ಉಳಿಯಿತು. ಇದೇ ಕುಜನನ್ನು ತೋರಿಸಿ 1969ರ ಬ್ಯಾಂಕು ರಾಷ್ಟ್ರೀಕರಣವನ್ನೂ ವಿವರಿಸಬಹುದು. 1991ರಲ್ಲಿ ಚಂದ್ರಶೇಖರರ ಸರ್ಕಾರ ಬಿದ್ದು ಚುನಾವಣೆ ನಡೆಯುತ್ತಿದ್ದ ಹೊತ್ತಿನಲ್ಲಿ ದೇಶ 20 ಟನ್ ಚಿನ್ನವನ್ನು ಸ್ವಿಸ್ ಬ್ಯಾಂಕಿಗೆ ಕಳಿಸಬೇಕಾದದ್ದನ್ನೂ ವಿವರಿಸಬಹುದು. 2016ರ ನವೆಂಬರ್ 8ರ ರಾತ್ರಿ ನೋಟು ರದ್ದಾದದ್ದನ್ನೂ ವಿವರಿಸಬಹುದು. ಎಲ್ಲವೂ ಆದ ಮೇಲೆ. ನವೆಂಬರ್ 7ರಂದು ನಮ್ಮ ಕೈಯಲ್ಲಿದ್ದ ಪಂಚಾಂಗದಲ್ಲಿ "ನಾಳೆ ರಾತ್ರಿಯೊಳಗೆ ಐನೂರರ ನೋಟು ಚಿಲ್ಲರೆ ಮಾಡಿಸಿಕೊಳ್ಳಿ" ಎಂದು ಇರಲಿಲ್ಲ. ಇದ್ದಿದ್ದರೆ ನಾವೂ ಬ್ಯಾಂಕಿನ ಮುಂದೆ ಬಿಸಿಲಿನಲ್ಲಿ ನಿಲ್ಲುತ್ತಿರಲಿಲ್ಲ.

ಖಗೋಳ ವಿಜ್ಞಾನಿ ಜಯಂತ ನಾರ್ಳೀಕರರು ಪುಣೆಯಲ್ಲಿ ಒಂದು ಪರೀಕ್ಷೆ ನಡೆಸಿದರು. ಬುದ್ಧಿವಂತ ಮಕ್ಕಳ ನೂರು ಜಾತಕ, ಬುದ್ಧಿ ಬೆಳೆಯದ ಮಕ್ಕಳ ನೂರು ಜಾತಕ ಸೇರಿಸಿ, ಒಬ್ಬೊಬ್ಬ ಜ್ಯೋತಿಷಿಗೆ ನಲವತ್ತು ಕೊಟ್ಟು, ಯಾವುದು ಯಾರದು ಎಂದು ಬೇರ್ಪಡಿಸಿ ಎಂದರು. ಉತ್ತರ ಕಳಿಸಿದ 27 ಮಂದಿ ಸರಿ ಹೇಳಿದ್ದು ನೂರಕ್ಕೆ 46. ನಾಣ್ಯ ಚಿಮ್ಮಿದ್ದರೆ 50 ಸರಿಹೋಗುತ್ತಿತ್ತು.

ಹಾಗಾದರೆ ಇದು ನಿರಪಾಯವಾದ ಹರಟೆ, ಬಿಟ್ಟುಬಿಡೋಣ ಎನ್ನಬಹುದು. ಮಳೆಯ ಭವಿಷ್ಯವಾಗಿದ್ದರೆ ನಾವೂ ಹಾಗೆಯೇ ಎನ್ನುತ್ತಿದ್ದೆವು. ಜೋಯಿಸರು ಮಳೆ ಇಲ್ಲವೆಂದ ಮಾತ್ರಕ್ಕೆ ಮೋಡ ಹೆದರಿ ಓಡುವುದಿಲ್ಲ. ಬ್ಯಾಂಕಿನ ಸಂಗತಿ ಬೇರೆ. ನೀವು ಇಟ್ಟ ನೂರು ರೂಪಾಯಿ ಬ್ಯಾಂಕಿನ ಪೆಟ್ಟಿಗೆಯಲ್ಲಿ ಕುಳಿತಿರುವುದಿಲ್ಲ. ಅದರಲ್ಲಿ ಹೆಚ್ಚಿನ ಪಾಲು ಸಾಲವಾಗಿ ಹೊರಗೆ ಹೋಗಿರುತ್ತದೆ. ಹೊಗೆಸೊಪ್ಪಿನ ಬ್ಯಾರನ್ ಕಟ್ಟಿದವನಿಗೆ, ಟೆಂಪೋ ಕೊಂಡವನಿಗೆ, ಕಾರ್ಖಾನೆಗೆ, ಸರ್ಕಾರದ ಸಾಲಪತ್ರಕ್ಕೆ. ಅದು ಹಿಂದಕ್ಕೆ ಬರಲು ಕಾಲ ಬೇಕು. ಕಟ್ಟೆಮಳಲವಾಡಿಯ ಹರಾಜು ಕಟ್ಟೆಯಲ್ಲಿ ಸೊಪ್ಪು ಮಾರಾಟವಾಗುವ ತನಕ ರೈತ ಸಾಲ ತೀರಿಸಲಾರನಷ್ಟೆ? ಎಲ್ಲರೂ ಒಂದೇ ದಿನ ಬಂದು ನಮ್ಮ ದುಡ್ಡು ಕೊಡಿ ಎಂದರೆ ಎಷ್ಟೇ ಗಟ್ಟಿ ಬ್ಯಾಂಕಿಗೂ ಕಷ್ಟವೇ. ಮುಳುಗುತ್ತದೆ ಎಂಬ ಮಾತನ್ನು ಸಾಕಷ್ಟು ಜನ ನಂಬಿದರೆ ಮುಳುಗದ ಬ್ಯಾಂಕೂ ಮುಳುಗಬಹುದು. ತಾನಾಡಿದ ಸುಳ್ಳನ್ನು ತಾನೇ ನಿಜ ಮಾಡುವ ಶಕ್ತಿ ಬೇರೆ ಭವಿಷ್ಯಕ್ಕಿಲ್ಲ, ಇದಕ್ಕೆ ಉಂಟು. 2003ರ ಏಪ್ರಿಲ್‌ನಲ್ಲಿ ಗುಜರಾತಿನಲ್ಲಿ ಬರಿಯ ಒಂದು ಗಾಳಿಸುದ್ದಿ ಐ.ಸಿ.ಐ.ಸಿ.ಐ. ಬ್ಯಾಂಕಿನ ಶಾಖೆಗಳ ಮುಂದೆ ಜನರ ಸಾಲು ನಿಲ್ಲಿಸಿತು. ಬ್ಯಾಂಕು ಭದ್ರವಾಗಿದೆಯೆಂದು ರಿಸರ್ವ್ ಬ್ಯಾಂಕೇ ಹೇಳಬೇಕಾಯಿತು. ಅಲ್ಲಿ ಮಾತು ಹುಟ್ಟಿಸಿದ್ದು ಯಾವ ಗ್ರಹವೂ ಅಲ್ಲ. ಗ್ರಹದ ಹೆಸರು ಸೇರಿದ್ದರೆ ಇನ್ನಷ್ಟು ಬೇಗ ಹಬ್ಬುತ್ತಿತ್ತು.

ಬ್ಯಾಂಕುಗಳು ನಿಜವಾಗಿ ಮುಳುಗಿದ್ದೂ ಉಂಟು. ಏತಕ್ಕೆ ಮುಳುಗಿದವು?

1938ರಲ್ಲಿ ತಿರುವಾಂಕೂರು ನ್ಯಾಷನಲ್ ಮತ್ತು ಕ್ವಿಲಾನ್ ಬ್ಯಾಂಕು ಬಾಗಿಲು ಹಾಕಿತು. ದಕ್ಷಿಣ ದೇಶದ ದೊಡ್ಡ ಬ್ಯಾಂಕುಗಳಲ್ಲೊಂದು. ಆ ಸಂಸ್ಥಾನದಲ್ಲಿ ಆಗ ಜವಾಬ್ದಾರಿ ಸರ್ಕಾರಕ್ಕಾಗಿ ಚಳವಳಿ ಎದ್ದಿತ್ತು. ಬ್ಯಾಂಕಿನ ಮುಖ್ಯಸ್ಥರು ಚಳವಳಿಯ ಕಡೆಯವರೆಂದು ದಿವಾನ್ ಸಿ.ಪಿ. ರಾಮಸ್ವಾಮಿ ಅಯ್ಯರ್ ಅವರಿಗೆ ಆಗುತ್ತಿರಲಿಲ್ಲ, ಬ್ಯಾಂಕನ್ನು ಕೆಡವಿದ್ದರಲ್ಲಿ ದಿವಾನರ ಕೈವಾಡವಿತ್ತು ಎಂಬ ಆಪಾದನೆ ಅಂದಿನಿಂದ ಇಂದಿನವರೆಗೆ ಇದೆ. ಬ್ಯಾಂಕೇ ಒಳಗೆ ಟೊಳ್ಳಾಗಿತ್ತು ಎನ್ನುವವರೂ ಇದ್ದಾರೆ. ಬ್ಯಾಂಕಿನ ಮುಖ್ಯಸ್ಥರು ಜೈಲಿಗೆ ಹೋದರು. ರಾಜಕೀಯದ ಗಲಿಬಿಲಿಗೂ ಬ್ಯಾಂಕಿನ ಪತನಕ್ಕೂ ಇಷ್ಟು ಹತ್ತಿರದ ನಂಟು ಬೇರೆ ಕಡೆ ಸಿಗುವುದು ಅಪರೂಪ. ಎರಡು ವಾದಗಳಲ್ಲಿ ಯಾವುದನ್ನು ಹಿಡಿದರೂ ಬ್ಯಾಂಕನ್ನು ಬೀಳಿಸಿದ್ದು ಮನುಷ್ಯರೇ.

ಆಮೇಲೆ 1960. ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು. ಆಗಸ್ಟ್ 8ರಂದು ರಿಸರ್ವ್ ಬ್ಯಾಂಕಿನ ಅರ್ಜಿಯ ಮೇಲೆ ಅದು ಮುಚ್ಚಿತು. ಆ ರಾಜ್ಯದ ಅತಿ ದೊಡ್ಡ ಬ್ಯಾಂಕು ಅದು. ಹಿಂದಕ್ಕೆ ಬಾರದ ಸಾಲಗಳು ವರ್ಷಗಟ್ಟಲೆ ಪುಸ್ತಕದಲ್ಲಿ ಕುಳಿತಿದ್ದವು. ರೈತರು, ಸಣ್ಣ ವ್ಯಾಪಾರಿಗಳು, ವಿಧವೆಯರು ಅಲ್ಲಿ ದುಡ್ಡು ಇಟ್ಟಿದ್ದರು. ಆ ಗೋಳಿನಿಂದಲೇ ನಮ್ಮ ದೇಶದಲ್ಲಿ ಠೇವಣಿ ವಿಮೆ ಹುಟ್ಟಿತು. 1961ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿತು. 1962ರ ಜನವರಿ 1ರಿಂದ ಅದು ಜಾರಿಗೆ ಬಂತು. ಮೊದಲ ಮಿತಿ ಒಬ್ಬ ಠೇವಣಿದಾರನಿಗೆ 1,500 ರೂಪಾಯಿ.

ಈ ತಾರೀಖನ್ನು ನೆನಪಿಡಿ. ಅದಾಗಿ ಒಂದು ತಿಂಗಳಿಗೆ, 1962ರ ಫೆಬ್ರವರಿ 3ರಿಂದ 5ರವರೆಗೆ, ಅಷ್ಟಗ್ರಹ ಕೂಟ. ರವಿ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ, ಕೇತು ಎಲ್ಲರೂ ಮಕರ ರಾಶಿಯಲ್ಲಿ. ಪ್ರಳಯವೇ ಆಗುತ್ತದೆಂದು ದೇಶವೆಲ್ಲ ನಡುಗಿತು. ಹಳಬರು ಈಗಲೂ ಹೇಳುತ್ತಾರೆ. ಯಜ್ಞಗಳಲ್ಲಿ ಮಣಗಟ್ಟಲೆ ತುಪ್ಪ ಸುರಿದರು. ಹಗಲೂ ರಾತ್ರಿ ಭಜನೆ. ಪ್ರಯಾಣ ಬಿಟ್ಟರು, ಮದುವೆ ಮುಂದಕ್ಕೆ ಹಾಕಿದರು. ನೆಹರೂ ಅವರು ನಕ್ಕರು. ಮೂರು ದಿನ ಕಳೆದವು. ಅದೇ ತಿಂಗಳಲ್ಲಿ ಜನ ಹೋಗಿ ಮಹಾಚುನಾವಣೆಯಲ್ಲಿ ಓಟು ಹಾಕಿದರು. ಅಕ್ಟೋಬರಿನಲ್ಲಿ ಚೀನಾ ಯುದ್ಧವಾದಾಗ, "ನೋಡಿ, ಅಷ್ಟಗ್ರಹದ ಫಲ" ಎಂದರು. ಎಂಟು ತಿಂಗಳು ತಡವಾಗಿ ಬಂದ ಪ್ರಳಯ! ಸಾಲ ವಸೂಲಿಗೆ ಎಂಟು ತಿಂಗಳು ತಡವಾದರೆ ನಿಮ್ಮ ಸಾಹುಕಾರ ಹೀಗೆ ಒಪ್ಪುತ್ತಾನೆಯೇ?

ಒಂದೇ ಚಳಿಗಾಲದಲ್ಲಿ ನಡೆದ ಈ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿ. ಅಷ್ಟಗ್ರಹಕ್ಕೆ ಸುರಿದ ತುಪ್ಪದಿಂದ ಯಾವ ಠೇವಣಿದಾರನಿಗೂ ಮೂರು ಕಾಸು ಬರಲಿಲ್ಲ. ಯಾರ ಗಮನಕ್ಕೂ ಬಾರದೆ ಜಾರಿಯಾದ ಆ 1,500 ರೂಪಾಯಿಯ ಕಾಯಿದೆ ಮಾತ್ರ ಬೆಳೆಯುತ್ತ ಬಂತು: 1968ರಲ್ಲಿ ಐದು ಸಾವಿರ, 1980ರಲ್ಲಿ ಮೂವತ್ತು ಸಾವಿರ, 1993ರಲ್ಲಿ ಒಂದು ಲಕ್ಷ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರುರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿ, 35,000ಕ್ಕಿಂತ ಹೆಚ್ಚು ತೆಗೆಯಕೂಡದೆಂದಾಗ ಪಿಂಚಣಿಯ ದುಡ್ಡಿಟ್ಟಿದ್ದ ವೃದ್ಧರು ಬೀದಿಗೆ ಬಂದರು. ಅದಕ್ಕೂ ಮುಂಚೆ ಮುಂಬಯಿಯ ಪಿ.ಎಂ.ಸಿ. ಬ್ಯಾಂಕಿನ ಕಥೆ ಆಗಿತ್ತು. ಆ ಕೂಗಿನ ಮೇಲೆ 2020ರ ಫೆಬ್ರವರಿ 4ರಿಂದ ಮಿತಿ ಐದು ಲಕ್ಷವಾಯಿತು. ನಿರ್ಬಂಧಕ್ಕೆ ಸಿಕ್ಕ ಬ್ಯಾಂಕಿನವರಿಗೂ 90 ದಿನದೊಳಗೆ ವಿಮೆಯ ದುಡ್ಡು ಕೊಡಬೇಕೆಂದು 2021ರಲ್ಲಿ ತಿದ್ದುಪಡಿಯೂ ಆಯಿತು. ಇಪ್ಪತ್ತೇಳು ವರ್ಷ ಒಂದು ಲಕ್ಷದಲ್ಲೇ ನಿಂತಿದ್ದ ಮಿತಿಯನ್ನು ಅಲುಗಿಸಿದ್ದು ರಸ್ತೆಗೆ ಬಂದ ಠೇವಣಿದಾರರು.

1969ರ ಮಾತನ್ನೂ ಹೇಳಿಬಿಡಬೇಕು, ಏಕೆಂದರೆ ಅದು ನಮ್ಮ ಬೆಂಗಳೂರಿನಲ್ಲೇ ಹೊತ್ತಿಕೊಂಡ ಬೆಂಕಿ. ಮೇ ತಿಂಗಳಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನರು ತೀರಿಕೊಂಡರು. ಜುಲೈ ಎರಡನೆಯ ವಾರ ಲಾಲ್‌ಬಾಗಿನ ಗಾಜಿನಮನೆಯಲ್ಲಿ ಕಾಂಗ್ರೆಸ್ಸಿನ ಅಧಿವೇಶನ. ಅಲ್ಲಿ ಇಂದಿರಾ ಗಾಂಧಿಯವರ ಟಿಪ್ಪಣಿಯೊಂದು ಬ್ಯಾಂಕುಗಳ ವಿಚಾರವೆತ್ತಿತು. ಪಕ್ಷ ಎರಡಾಗುವ ಬಿರುಕು ಎಲ್ಲರಿಗೂ ಕಂಡಿತು. 16ರಂದು ಮೊರಾರ್ಜಿ ದೇಸಾಯಿಯವರಿಂದ ಅರ್ಥಖಾತೆ ಹೋಯಿತು. 19ರಂದು ಹಂಗಾಮಿ ರಾಷ್ಟ್ರಪತಿ ವಿ.ವಿ. ಗಿರಿಯವರ ಸಹಿಯಿಂದ 14 ಬ್ಯಾಂಕುಗಳು ರಾಷ್ಟ್ರದವಾದವು. ನಮ್ಮ ಕೆನರಾ, ಸಿಂಡಿಕೇಟ್ ಎರಡೂ ಅದರಲ್ಲಿ ಸೇರಿದವು. ಅಂದು ಶನಿವಾರ. ಶುಭಕಾರ್ಯಕ್ಕೆ ನಮ್ಮ ಮನೆಗಳಲ್ಲಿ ಬೇಡವೆನ್ನುವ ವಾರ! ಅದರ ಮಾರನೆಯ ರಾತ್ರಿ, ನಮ್ಮ ಗಡಿಯಾರದಂತೆ ನಡುರಾತ್ರಿ ಕಳೆದ ಮೇಲೆ, ಮನುಷ್ಯರ ನೌಕೆ ಚಂದ್ರನ ಮೇಲೆ ಇಳಿಯಿತು. ಠೇವಣಿದಾರರ ದುಡ್ಡನ್ನು ಸರ್ಕಾರ ನುಂಗುತ್ತದೆ ಎಂದು ಹೆದರಿಸಿದವರು ಆಗಲೂ ಇದ್ದರು. ಸರ್ವೋಚ್ಚ ನ್ಯಾಯಾಲಯ 1970ರ ಫೆಬ್ರವರಿ 10ರಂದು ಆ ಕಾಯಿದೆಯನ್ನು ಹೊಡೆದುಹಾಕಿತು. ನಾಲ್ಕೇ ದಿನದಲ್ಲಿ ಹೊಸ ಸುಗ್ರೀವಾಜ್ಞೆ ಬಂತು. ಇಷ್ಟೆಲ್ಲ ಗಲಿಬಿಲಿಯಲ್ಲಿ ಆ ಬ್ಯಾಂಕುಗಳಲ್ಲಿ ದುಡ್ಡಿಟ್ಟವರ ದುಡ್ಡು ಇದ್ದಲ್ಲೇ ಇತ್ತು.

ಒಳ್ಳೆಯ ಮುಹೂರ್ತದ ಕಥೆಯನ್ನೂ ಕೇಳಿ. ಮಂಗಳೂರಿನಲ್ಲಿ 1931ರಲ್ಲಿ ಶುರುವಾದ ವಿಜಯಾ ಬ್ಯಾಂಕಿಗೆ ಆ ಹೆಸರು ಬಂದದ್ದು ವಿಜಯದಶಮಿಯಿಂದ ಎಂದು ಬ್ಯಾಂಕಿನವರೇ ಹೇಳಿಕೊಳ್ಳುತ್ತಿದ್ದರು. ಅದಕ್ಕಿಂತ ಮಿಗಿಲಾದ ಮುಹೂರ್ತ ಯಾವುದಿದೆ? 1980ರಲ್ಲಿ ಅದು ರಾಷ್ಟ್ರೀಕರಣವಾಯಿತು; 2019ರ ಏಪ್ರಿಲ್ 1ರಂದು ಬರೋಡಾ ಬ್ಯಾಂಕಿನಲ್ಲಿ ಸೇರಿಹೋಯಿತು. ವಿಶ್ವೇಶ್ವರಯ್ಯನವರು 1913ರಲ್ಲಿ ಕಟ್ಟಿದ ಮೈಸೂರು ಬ್ಯಾಂಕಿನ ಹೆಸರೂ 2017ರಲ್ಲಿ ಅಳಿಸಿತು. ಇವು ಯಾವುವೂ ಮುಳುಗಿದ್ದಲ್ಲ. ದಿಲ್ಲಿಯವರು ಕಾಗದದ ಮೇಲೆ ಸೇರಿಸಿದ್ದು. ನಮಗೆ ಅದು ಹಿಡಿಸಲಿಲ್ಲ. ಆದರೆ ಹಿಡಿಸದ್ದನ್ನು ದಿಲ್ಲಿಯ ಮುಂದೆ ಹೇಳಬೇಕು, ಶನಿಯ ಮುಂದೆ ಹೇಳಿ ಎಳ್ಳೆಣ್ಣೆ ಹಚ್ಚಿದರೆ ಅರ್ಥಸಚಿವರಿಗೆ ಕೇಳಿಸುವುದಿಲ್ಲ.

ಇನ್ನು ವಿಮೆ. ಜೀವವಿಮೆಯ ಕಂಪನಿಯ ಲಾಭನಷ್ಟವೆಲ್ಲ ನಿಂತಿರುವುದು ಯಾರು ಎಷ್ಟು ವರ್ಷ ಬದುಕುತ್ತಾರೆ ಎಂಬುದರ ಮೇಲೆ. ಆಯುಸ್ಸು ಹೇಳುವ ವಿದ್ಯೆ ಜಾತಕದಲ್ಲಿ ಇದ್ದಿದ್ದರೆ ಅದಕ್ಕೆ ಮೊದಲು ದುಡ್ಡು ಕೊಡುವವನು ವಿಮೆಯವನೇ ಅಲ್ಲವೇ? ಲಾಭದ ಕಂಪನಿಗಳು ನೂರಾರು ಇದ್ದ ಕಾಲದಲ್ಲೂ ಅವು ಏಜೆಂಟರಿಗೆ ಎತ್ತರ, ತೂಕ, ತಂದೆತಾಯಿ ಯಾವ ಕಾಯಿಲೆಯಿಂದ ಸತ್ತರು ಎಂದು ಬರೆದು ತರಲು ಹೇಳಿದವೇ ಹೊರತು ಲಗ್ನ ಕೇಳಲಿಲ್ಲ. ನಮ್ಮ ಜೀವವಿಮಾ ನಿಗಮದಲ್ಲಿ ಜಾತಕಕ್ಕೆ ಒಂದು ಸಣ್ಣ ಸ್ಥಾನ ಉಂಟು: ಹುಟ್ಟಿದ ತಾರೀಖಿಗೆ ಬೇರೆ ದಾಖಲೆ ಇಲ್ಲದವರು ಹುಟ್ಟಿದಾಗ ಬರೆಸಿದ ಜಾತಕ ತೋರಿಸಬಹುದು. ಅದೂ ಎರಡನೆಯ ದರ್ಜೆಯ ಪುರಾವೆ. ತಾರೀಖು ನೋಡಿಕೊಂಡು ಜಾತಕವನ್ನು ಮಡಿಸಿ ಹಿಂದಕ್ಕೆ ಕೊಡುತ್ತಾರೆ.

ವಿಮೆಯ ಲೆಕ್ಕಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬ ಇಂಗ್ಲೆಂಡಿನ ಎಡ್ಮಂಡ್ ಹ್ಯಾಲಿ. ಹೌದು, ಧೂಮಕೇತುವಿಗೆ ಹೆಸರು ಬಂದದ್ದು ಅವನಿಂದಲೇ. ಬಾಲಚುಕ್ಕಿ 1758ರಲ್ಲಿ ಮತ್ತೆ ಬರುತ್ತದೆಂದು ಲೆಕ್ಕ ಹಾಕಿ ಹೇಳಿ ಸತ್ತ, ಅದು ಬಂತು. ಆಕಾಶವನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಕಾಲದಲ್ಲಿ ಬೆರಳೆಣಿಕೆಯಷ್ಟು. ಆ ಮನುಷ್ಯ 1693ರಲ್ಲಿ ಜನರ ಆಯುಸ್ಸಿನ ಪಟ್ಟಿ ತಯಾರಿಸಲು ಕುಳಿತಾಗ ಆಕಾಶದ ಕಡೆ ತಲೆಯೆತ್ತಲಿಲ್ಲ. ಬ್ರೆಸ್ಲಾವ್ ಎಂಬ ಊರಿನ ಜನನ ಮರಣದ ದಾಖಲೆ ತರಿಸಿಕೊಂಡು, ಯಾವ ವಯಸ್ಸಿನಲ್ಲಿ ಎಷ್ಟು ಮಂದಿ ಸತ್ತರು ಎಂದು ಎಣಿಸಿದ. ಒಬ್ಬ ಮನುಷ್ಯ ಯಾವಾಗ ಸಾಯುತ್ತಾನೆಂದು ಹೇಳಲಾಗದು. ಮೂವತ್ತರ ವಯಸ್ಸಿನ ಹತ್ತು ಸಾವಿರ ಜನರಲ್ಲಿ ವರ್ಷಕ್ಕೆ ಸುಮಾರು ಎಷ್ಟು ಮಂದಿ ಎಂದು ಹೇಳಬಹುದು. ನೀವು ಕಟ್ಟುವ ಕಂತು ಈ ಎಣಿಕೆಯಿಂದ ಹುಟ್ಟಿದ್ದು.

ಹಾಗಾದರೆ ವಿಮೆಯ ಕಂಪನಿಗಳು ಕೆಟ್ಟದ್ದು ಹೇಗೆ? 1955ರ ಡಿಸೆಂಬರಿನಲ್ಲಿ ಫಿರೋಜ್ ಗಾಂಧಿಯವರು ಲೋಕಸಭೆಯಲ್ಲಿ ಎದ್ದು ನಿಂತು ವಿಮಾ ಕಂಪನಿಗಳ ಒಳಗನ್ನು ಬಿಚ್ಚಿಟ್ಟರು. ಡಾಲ್ಮಿಯಾ ಅವರ ಭಾರತ್ ವಿಮಾ ಕಂಪನಿಯಿಂದ ಎರಡು ಕೋಟಿಗೂ ಮೀರಿ ಹೋಗಿತ್ತು. ಸೇಠರು ಆಮೇಲೆ ಜೈಲು ಕಂಡರು. ಭಾಷಾವಾರು ಪ್ರಾಂತದ ಗಲಭೆ ಮುಂಬಯಿಯಲ್ಲಿ ಉರಿಯುತ್ತಿದ್ದ ಅದೇ 1956ರ ಜನವರಿ, 19ರಂದು, ಸರ್ಕಾರ 154 ದೇಶೀ ಕಂಪನಿಗಳು, 16 ವಿದೇಶೀ ಕಂಪನಿಗಳು, 75 ಪ್ರಾವಿಡೆಂಟ್ ಸಂಘಗಳು, ಒಟ್ಟು 245ನ್ನು ವಶಕ್ಕೆ ತೆಗೆದುಕೊಂಡಿತು. ಸೆಪ್ಟೆಂಬರ್ 1ರಂದು ಜೀವವಿಮಾ ನಿಗಮ. ನವೆಂಬರ್ 1ರಂದು ವಿಶಾಲ ಮೈಸೂರು. ರಾಜ್ಯಗಳ ಗಡಿಗಳೇ ಅಳಿಸಿ ಹೊಸದಾಗಿ ಬರೆದ ಆ ವರ್ಷದಲ್ಲಿ ಬಡವನ ಪಾಲಿಸಿ ಭದ್ರವಾಯಿತು. ರಾಷ್ಟ್ರೀಕರಣವಾದೊಡನೆ ಎಲ್ಲ ನೆಟ್ಟಗಾಯಿತು ಎಂದು ನಾವು ಹೇಳುವುದಿಲ್ಲ. ಮರುವರ್ಷವೇ ನಿಗಮದ ಒಂದೂಕಾಲು ಕೋಟಿಯಷ್ಟು ದುಡ್ಡು ಮುಂಧ್ರಾ ಎಂಬ ಸಟ್ಟಾ ವ್ಯಾಪಾರಿಯ ಕಂಪನಿಗಳಿಗೆ ಹೋಯಿತು. ಮತ್ತೆ ಫಿರೋಜ್ ಗಾಂಧಿಯವರೇ ಎದ್ದರು. ಛಾಗ್ಲಾ ಅವರು ಬಹಿರಂಗ ವಿಚಾರಣೆ ನಡೆಸಿದರು. 1958ರ ಫೆಬ್ರವರಿಯಲ್ಲಿ ಅರ್ಥಸಚಿವ ಟಿ.ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ಕೊಟ್ಟರು. ಕಳ್ಳತನವನ್ನು ಗ್ರಹಚಾರವೆಂದು ಕರೆದಿದ್ದರೆ ಯಾರೂ ರಾಜೀನಾಮೆ ಕೊಡಬೇಕಾಗಿರಲಿಲ್ಲ. ಗ್ರಹಕ್ಕೆ ಸಮನ್ಸು ಕಳಿಸುವ ಕೋರ್ಟು ಇಲ್ಲವಲ್ಲ.

ನಮ್ಮ ತಕರಾರು ಇರುವುದೇ ಇಲ್ಲಿ. ದುಡ್ಡು ಹೋದವನು "ನನ್ನ ದೆಸೆ ಸರಿಯಿಲ್ಲ" ಎಂದು ಹಣೆ ಚಚ್ಚಿಕೊಂಡು ಮನೆಗೆ ಹೋದರೆ ಅದರಿಂದ ಲಾಭ ಯಾರಿಗೆ? ಸಾಲ ಕೊಡಬಾರದವನಿಗೆ ಕೊಟ್ಟ ನಿರ್ದೇಶಕನಿಗೆ, ಲೆಕ್ಕ ನೋಡದೆ ಸಹಿ ಹಾಕಿದ ಆಡಿಟರಿಗೆ, ಕಣ್ಣು ಮುಚ್ಚಿಕೊಂಡ ಅಧಿಕಾರಿಗೆ. ಈ ಮಾತು ಹೇಳುವಾಗ ನಮ್ಮ ಬೆನ್ನನ್ನೂ ನಾವು ನೋಡಿಕೊಳ್ಳಬೇಕು. ನಾಮಪತ್ರ ಸಲ್ಲಿಸಲು ಹೊರಟಾಗ ರಾಹುಕಾಲ ಕಳೆಯಲಿ ಎಂದು ಕಚೇರಿಯ ಮರದಡಿ ನಿಂತ ಅಭ್ಯರ್ಥಿಗಳು ನಮ್ಮಲ್ಲೂ ಇದ್ದಾರೆ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆಂದು ವರ್ಷಗಟ್ಟಲೆ ಹೆದರಿದ ರಾಜ್ಯ ನಮ್ಮದು; ಸಿದ್ಧರಾಮಯ್ಯನವರು ಮತ್ತೆ ಮತ್ತೆ ಹೋಗಿಬಂದು 2013ರಿಂದ 2018ರವರೆಗೆ ಐದು ವರ್ಷ ಪೂರ್ತಿ ಆಳಿದರು.

ಜನ ಟಿ.ವಿ. ಜೋಯಿಸರ ಕಡೆ ಹೋಗುವುದು ಬರಿಯ ಮೂಢನಂಬಿಕೆಯಿಂದ ಎಂದೂ ನಾವು ತಿಳಿಯುವುದಿಲ್ಲ. ಬ್ಯಾಂಕಿನಲ್ಲಿ ವಿಚಾರಿಸಿದರೆ ಯಾರೂ ತಲೆಯೆತ್ತಿ ಉತ್ತರ ಹೇಳುವುದಿಲ್ಲ. ಕನ್ನಡ ಬಾರದ ಅಧಿಕಾರಿ ಇಂಗ್ಲಿಷಿನ ಕಾಗದ ಕೊಡುತ್ತಾನೆ. ಜೋಯಿಸರು ಒಬ್ಬರೇ ನಮ್ಮ ಭಾಷೆಯಲ್ಲಿ, ನಮ್ಮ ಹೆಸರು ಕೇಳಿ, ನಮ್ಮ ದುಡ್ಡಿನ ಬಗ್ಗೆ ಮಾತಾಡುವವರು. ಆ ತಾಯಿ ಹೋದದ್ದೂ ಅದಕ್ಕೇ.

ಆದ್ದರಿಂದ ನಮ್ಮ ಭಾಷೆಯಲ್ಲೇ ನಾಲ್ಕು ಮಾತು. ಒಂದು ಬ್ಯಾಂಕಿನಲ್ಲಿ ಒಬ್ಬರ ಹೆಸರಿನಲ್ಲಿ, ಎಲ್ಲ ಶಾಖೆಗಳದೂ ಸೇರಿ, ಅಸಲು ಬಡ್ಡಿ ಕೂಡಿಸಿ ಐದು ಲಕ್ಷದವರೆಗೆ ವಿಮೆ ಇದೆ. ಅದರ ಕಂತನ್ನು ಬ್ಯಾಂಕೇ ಕಟ್ಟುತ್ತದೆ, ನಿಮ್ಮಿಂದ ಕೇಳುವಂತಿಲ್ಲ. ಸಹಕಾರ ಬ್ಯಾಂಕುಗಳಿಗೂ ಇದು ಉಂಟು. ಆದರೆ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಂಘ, ಚೀಟಿ, ಖಾಸಗಿ ಫೈನಾನ್ಸು, ಇವಕ್ಕೆ ಇಲ್ಲ. ಬೋರ್ಡಿನ ಮೇಲೆ ದೇವರ ಹೆಸರಿದ್ದರೂ ಇಲ್ಲ. ಅಂಗಡಿಗೆ ಬೆಂಕಿ ವಿಮೆ ಮಾಡಿಸಿದವರು ಗಲಭೆ, ಮುಷ್ಕರಗಳಿಂದಾದ ನಷ್ಟವೂ ಅದರಲ್ಲಿ ಸೇರಿದೆಯೇ ಎಂದು ಓದಿಸಿ ನೋಡಿ. ಸರ್ಕಾರಗಳು ಬೀಳುವ ಕಾಲದಲ್ಲಿ ಬೇಕಾಗುವುದು ಆ ಸಾಲು. ಸಹಕಾರ ಸಂಘದ ಸದಸ್ಯರಾದವರು ಸರ್ವಸದಸ್ಯರ ಸಭೆಗೆ ಹೋಗಿ, ಉಪ್ಪಿಟ್ಟು ತಿಂದು ಬರಬೇಡಿ. ಬಾಕಿ ಸಾಲ ಯಾರದು, ಎಷ್ಟು ಎಂದು ಎದ್ದು ಕೇಳಿ.

ಬಳೆ ಅಂಗಡಿಯ ತಾಯಿಯ ವಿಚಾರ ಏನಾಯಿತೆಂದು ಕೇಳುತ್ತೀರಿ. ಪೊಲೀಸಿನಲ್ಲಿ ದೂರು ಕೊಡಿಸಿದೆವು. ಅವರಂತೆಯೇ ದುಡ್ಡು ಕಳೆದುಕೊಂಡ ಇನ್ನೂ ಕೆಲವರು ಆಮೇಲೆ ಬಂದು ಸೇರಿಕೊಂಡರು. ದುಡ್ಡು ಇನ್ನೂ ಬಂದಿಲ್ಲ. ಅವರು ಇಂದು ಈ ಸಭೆಯಲ್ಲೇ ಕುಳಿತಿದ್ದಾರೆ. ಸಭೆ ಮುಗಿದ ಮೇಲೆ ಕತ್ತಲಾಗುವ ತನಕ ನಾವು ಇಲ್ಲೇ ಇರುತ್ತೇವೆ. ಪಾಸ್ ಪುಸ್ತಕ, ಠೇವಣಿ ರಸೀದಿ, ಪಾಲಿಸಿ ಕಾಗದ ತಂದಿರುವವರು ಒಬ್ಬೊಬ್ಬರಾಗಿ ಬಂದು ತೋರಿಸಬಹುದು.